ಮೊದಲ ಸೆಮಿಸ್ಟರ್‌ನಲ್ಲೇ ಅಂಕ ಕಡಿಮೆ ಬಂದರೆ ಡಾಕ್ಟರ್ ಆಗುವ ಆಸೆ ಬಿಡಬೇಕಾ?

ರಾಯಚೂರಿನಲ್ಲಿ ಬಿ.ಎಸ್ಸಿ. ಓದುತ್ತಿದ್ದೀರಿ, ಮೊದಲ ಸೆಮಿಸ್ಟರ್‌ನಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ ಎರಡೂ ಕೈಕೊಟ್ಟಿವೆ, ಮತ್ತೆ ನೀಟ್ ಬರೆಯುವುದರಲ್ಲಿ ಅರ್ಥವಿದೆಯಾ ಎಂದು ಕೇಳಿದ್ದೀರಿ.

ಖಂಡಿತ ಇದೆ. ಎಂಬಿಬಿಎಸ್ ಸೀಟಿಗೆ ಡಿಗ್ರಿಯ ಸೆಮಿಸ್ಟರ್ ಅಂಕ ಲೆಕ್ಕಕ್ಕೇ ಬರುವುದಿಲ್ಲ. ಪಿಯುಸಿಯ ಭೌತ, ರಸಾಯನ, ಜೀವಶಾಸ್ತ್ರ ಮೂರೂ ಸೇರಿ ಸಾಮಾನ್ಯ ವರ್ಗದವರಿಗೆ ಶೇ. 50, ಎಸ್ಸಿ, ಎಸ್ಟಿ, ಒಬಿಸಿಯವರಿಗೆ ಶೇ. 40 ಇರಬೇಕು. ಗರಿಷ್ಠ ವಯೋಮಿತಿ ಇಲ್ಲ.

ಆದರೆ ಈ ಅಂಕಗಳನ್ನು ಮರೆತುಬಿಡಿ ಅನ್ನಲಾರೆ. ನೀಟ್‌ನ 720 ಅಂಕಗಳಲ್ಲಿ ಜೀವಶಾಸ್ತ್ರಕ್ಕೆ 360, ಉಳಿದ ಅರ್ಧ ನಿಮಗೆ ಕೈಕೊಟ್ಟ ಆ ಎರಡು ವಿಷಯಗಳದ್ದೇ. ಉತ್ತರಪತ್ರಿಕೆಯ ಪ್ರತಿ ಸಿಗುವುದಾದರೆ ತರಿಸಿ, ಎಲ್ಲಿ ಎಡವಿದಿರಿ ನೋಡಿ: ಲೆಕ್ಕ ಬಾರದೆಯೋ, ಸಮಯ ಸಾಲದೆಯೋ, ಇಂಗ್ಲಿಷ್ ಪಾಠ ತಲೆಗೆ ಹತ್ತದೆಯೋ? ಕೊನೆಯದಾದರೆ ತುಂಬಾ ಹೆದರಬೇಡಿ, ನಮ್ಮ ಕಡೆಯ ಎಷ್ಟೋ ಹುಡುಗರ ಕಷ್ಟ ಅದು. ನೀಟ್ ಪ್ರಶ್ನೆಪತ್ರಿಕೆ ಕನ್ನಡದಲ್ಲೂ ಇರುತ್ತದೆ. ಅರ್ಜಿ ತುಂಬುವಾಗಲೇ ಆರಿಸಿಕೊಳ್ಳಬೇಕು. ಪಿಯುಸಿ ಪುಸ್ತಕಗಳನ್ನು ಮತ್ತೆ ಮೊದಲಿಂದ ಓದಿ. ಸರಿಯುತ್ತರಕ್ಕೆ 4 ಅಂಕ, ತಪ್ಪಿಗೆ 1 ಕಡಿತ, ಹಾಗಾಗಿ ಕಣ್ಣುಮುಚ್ಚಿ ಗುರುತು ಹಾಕಬೇಡಿ.

ಫಲಿತಾಂಶ ಬಂದ ವಾರ ಮನೆಯಲ್ಲಿ ಬಾಯಿ ಕಟ್ಟಿಕೊಂಡು ಕೂರಬೇಡಿ. ಅವ್ವ-ಅಪ್ಪನಿಗೆ ನೀವೇ ಹೇಳಿ.

ಇನ್ನೊಂದು: 371(ಜೆ) ಪ್ರಮಾಣಪತ್ರ, ಅಂದರೆ ನೀವು ಕಲ್ಯಾಣ ಕರ್ನಾಟಕದವರು ಎಂಬುದಕ್ಕೆ ಸರ್ಕಾರ ಕೊಡುವ ದಾಖಲೆ, ಇಲ್ಲದಿದ್ದರೆ ಈಗಲೇ ಅರ್ಜಿ ಹಾಕಿ. ರಾಯಚೂರು, ಬಳ್ಳಾರಿ, ಕೊಪ್ಪಳದ ಸರ್ಕಾರಿ ವೈದ್ಯಕೀಯ ಕಾಲೇಜುಗಳಲ್ಲಿ ಕಲ್ಯಾಣ ಕರ್ನಾಟಕದವರಿಗಿರುವ ಮೀಸಲಾತಿಗೆ ಕೌನ್ಸೆಲಿಂಗ್ ವೇಳೆ ಅದು ಬೇಕೇ ಬೇಕು.