ಕೊಡಗಿನ ಮಳೆಗೆ ತಡೆಯುವಂಥ ಬ್ಯಾಸ್ಕೆಟ್‌ಬಾಲ್ ಹಲಗೆಯನ್ನು ಮನೆಯಲ್ಲೇ ಮರದಿಂದ ಮಾಡಿಕೊಳ್ಳಬಹುದಾ?

ಖಂಡಿತ ಮಾಡಬಹುದು. ಆದರೆ ಸಾಮಾನ್ಯ ಪ್ಲೈವುಡ್ ಬೇಡ. ನಮ್ಮ ಮುಂಗಾರಿಗೆ ಅದರ ಪದರ ಬಿಟ್ಟುಕೊಳ್ಳುತ್ತದೆ. ಐಎಸ್ 710 (ಭಾರತೀಯ ಮಾನಕ) ಗುರುತಿರುವ, ನೀರು ತಡೆಯುವ ಮೆರೈನ್ ಪ್ಲೈವುಡ್ ತೆಗೆದುಕೊಳ್ಳಿ, ದಪ್ಪ 18 ಅಥವಾ 19 ಮಿ.ಮೀ. ಇರಲಿ. ತೆಳುವಾದರೆ ಚೆಂಡು ಸರಿಯಾಗಿ ಪುಟಿಯುವುದಿಲ್ಲ. ಪಂದ್ಯದ ಅಳತೆ 6 ಅಡಿ ಅಗಲ, ಮೂರೂವರೆ ಅಡಿ ಎತ್ತರ. 8ಕ್ಕೆ 4 ಅಡಿಯ ಒಂದೇ ಹಾಳೆಯಲ್ಲಿ ಜೋಡಣೆಯಿಲ್ಲದೆ ಸಿಗುತ್ತದೆ.

ನೀರು ಜಾಸ್ತಿ ಒಳಗಿಳಿಯುವುದು ಕತ್ತರಿಸಿದ ಅಂಚಿನಿಂದ, ಬೋಲ್ಟ್ ತೂತಿನಿಂದ. ಹಾಗಾಗಿ ತೂತುಗಳನ್ನು ಮೊದಲೇ ಕೊರೆದು, ಅಂಚಿಗೂ ತೂತಿನ ಒಳಗೂ ಎರಡು ಸಲ ಎಪಾಕ್ಸಿ (ಒಣಗಿ ಗಟ್ಟಿಯಾಗುವ ರಾಳ) ಹಚ್ಚಿ. ಆಮೇಲೆ ಪ್ರೈಮರ್, ಅದರ ಮೇಲೆ ಹೊರಾಂಗಣದ ಎನಾಮಲ್. ಹಿಂಬದಿಗೂ ಅಷ್ಟೇ ಬಣ್ಣ ಬೇಕು, ಇಲ್ಲದಿದ್ದರೆ ಹಲಗೆ ಸೊಟ್ಟಗಾಗುತ್ತದೆ. ಇದೆಲ್ಲ ಬೇಸಿಗೆಯಲ್ಲೇ ಮುಗಿಯಲಿ. ಜೂನ್ ಬಂದರೆ ಬಣ್ಣ ಒಣಗಿಸುವುದೇ ಕಷ್ಟ ಅಲ್ವಾ?

ರಿಂಗಿನ ಭಾರವನ್ನು ಪ್ಲೈವುಡ್ ಮೇಲೆ ಮಾತ್ರ ಬಿಡಬೇಡಿ. ಬೋಲ್ಟ್ ಹಲಗೆ ದಾಟಿ ಹಿಂದಿನ ಕಬ್ಬಿಣದ ಚೌಕಟ್ಟಿಗೆ ಬಿಗಿಯಾಗಬೇಕು. ರಿಂಗ್ ನೆಲದಿಂದ 10 ಅಡಿ, ಚಿಕ್ಕ ಮಕ್ಕಳಿಗೆ 8 ಅಡಿ ಸಾಕು. ಹಲಗೆಯನ್ನು ತೋಟದ ಸಿಲ್ವರ್ ಓಕ್ ಮರಕ್ಕೆ ಮಾತ್ರ ಹೊಡೆಯಬೇಡಿ, ದಯವಿಟ್ಟು. ಗಾಳಿಗೆ ಮರ ತೂಗುತ್ತದೆ, ಬೆಳೆಯುತ್ತಾ ಬೋಲ್ಟನ್ನೂ ನುಂಗುತ್ತದೆ. ಕಾಂಕ್ರೀಟಿನಲ್ಲಿ ನೆಟ್ಟ ಜಿಐ (ಸತುವಿನ ಲೇಪನವಿರುವ ಕಬ್ಬಿಣ) ಕಂಬವೇ ಸರಿ.

ಜಾಗ? ಕಾಫಿ ಒಣಗಿಸುವ ಸಿಮೆಂಟ್ ಕಣಕ್ಕಿಂತ ಒಳ್ಳೆಯದು ಇನ್ನೆಲ್ಲಿದೆ! ಕಂಬವನ್ನು ಅಂಚಿನ ಹೊರಗೆ ನೆಡಿ. ಕೊಯ್ಲಿನ ತಿಂಗಳುಗಳಲ್ಲಿ ಕಣ ಕಾಫಿಗೇ ಬಿಡಬೇಕು. ಮಳೆಗಾಲದಲ್ಲಿ ಪಾಚಿ ಕಟ್ಟುತ್ತದೆ, ಆಡುವ ಮುಂಚೆ ಉಜ್ಜಿ ತೊಳೆಯಿರಿ.