ಪಬ್ಬಿಗೆ ಬೀಗ ಬಿದ್ದರೆ ಹಬ್ಬ ಮಾಡಬೇಕಾ?

ಹಾಸನದ ನಿವೃತ್ತ ಮೇಷ್ಟ್ರೊಬ್ಬರ ಪತ್ರ: ‘ಇಂಗ್ಲೆಂಡಿನಲ್ಲಿರುವ ಮಗಳ ಮನೆಗೆ ಹೋಗಿದ್ದೆ. ಅವರ ಹಳ್ಳಿಯ ಪಬ್ ಮುಚ್ಚಿತೆಂದು ಊರಿಗೆ ಊರೇ ಸಾವಿನ ಮನೆಯಂತಿತ್ತು. ಹೆಂಡದಂಗಡಿ ಮುಚ್ಚಿದರೆ ಹಬ್ಬ ಮಾಡಬೇಕಲ್ವಾ?’

ಮೇಷ್ಟ್ರೇ, ನಿಮ್ಮ ಸಿಟ್ಟು ಅರ್ಥವಾಗುತ್ತದೆ. ಕುಡಿತದಿಂದ ಹಾಳಾದ ಮನೆಗಳನ್ನು ನಾನೂ ನೋಡಿದ್ದೇನೆ. 2007ರ ಜುಲೈ 1ರಂದು ನಮ್ಮಲ್ಲಿ ಸಾರಾಯಿ ನಿಂತಾಗ ಖುಷಿಪಟ್ಟವರಲ್ಲಿ ನಾನೂ ಒಬ್ಬ. ಆದರೆ ಸಾರಾಯಿ ಅಂಗಡಿಯನ್ನೂ ಹಳ್ಳಿಯ ಪಬ್ಬನ್ನೂ ಒಂದೇ ತಕ್ಕಡಿಗೆ ಹಾಕಿದಿರಲ್ಲ, ನಿಮ್ಮಂಥ ಓದಿಕೊಂಡವರು ಹೀಗೆ ಮಾಡಬಾರದು.

ಒಮ್ಮೆ ಯಾರ್ಕ್‌ಶೈರಿನ ಪುಟ್ಟ ಹಳ್ಳಿಯೊಂದರ ಪಬ್ಬಿನಲ್ಲಿ ಒಂದು ಸಂಜೆ ಕಳೆದೆ. ನಾನು ಕುಡಿದದ್ದು ನಿಂಬೆ ಸೋಡಾ. ಒಲೆಯ ಪಕ್ಕ ಮಳೆಯಲ್ಲಿ ನೆಂದ ನಾಯಿ ಮಲಗಿತ್ತು. ಬಾಗಿಲ ಹತ್ತಿರದ ಹಲಗೆಯಲ್ಲಿ ಕಳೆದುಹೋದ ಬೆಕ್ಕಿನ ಚೀಟಿ, ಗುರುವಾರದ ಕ್ವಿಜ್‌ನ ಚೀಟಿ. ಕುರಿ ಸಾಕುವವನೂ ಊರಿನ ಡಾಕ್ಟರಮ್ಮನೂ ಒಂದೇ ಬೆಂಚಿನಲ್ಲಿದ್ದರು. ದಿನಾ ಆರಕ್ಕೆ ಬರುವ ಅಜ್ಜ ಅವತ್ತು ಬಂದಿರಲಿಲ್ಲ. ಪಬ್ ನಡೆಸುವಾಕೆ ಎರಡು ಸಲ ಗಡಿಯಾರ ನೋಡಿದಳು. ಆಮೇಲೆ ಒಬ್ಬ ಹುಡುಗನನ್ನು ಅವರ ಮನೆಗೆ ಓಡಿಸಿದಳು. ಅಜ್ಜನಿಗೆ ಜ್ವರವಂತೆ. ಬಿಸಿ ಸೂಪು ಮುಚ್ಚಳ ಹಾಕಿಕೊಂಡು ಹೊರಟಿತು. ಆ ಜಾಗ ಮುಚ್ಚಿದರೆ ಅಜ್ಜ ಬಂದಿಲ್ಲ ಅನ್ನೋದು ಯಾರಿಗೆ ಗೊತ್ತಾಗಬೇಕು, ಹೇಳಿ?

1980ರ ಹೊತ್ತಿಗೆ ಬ್ರಿಟನ್ನಿನಲ್ಲಿ ಸುಮಾರು 69 ಸಾವಿರ ಪಬ್ಬುಗಳಿದ್ದವು. ಈಗ 45 ಸಾವಿರದ ಆಸುಪಾಸು. ಸೂಪರ್‌ಮಾರ್ಕೆಟ್ಟಿನಲ್ಲಿ ಬಿಯರು ಅಗ್ಗ. ಪಬ್ಬಿಗೆ ಮಾತ್ರ ತೆರಿಗೆ, ಬಾಡಿಗೆ, ಕರೆಂಟು ಬಿಲ್ಲು ಎಲ್ಲವೂ ಭಾರ. ಮನೆ ಮಾಡಿ ಮಾರಿದರೆ ಜಾಸ್ತಿ ದುಡ್ಡು.

ಎಲ್ಲರೂ ಸುಮ್ನೆ ಕೂತಿಲ್ಲ. ಕಂಬ್ರಿಯಾದ ಹೆಸ್ಕೆಟ್ ನ್ಯೂಮಾರ್ಕೆಟ್ ಹಳ್ಳಿಯಲ್ಲಿ 2003ರಲ್ಲಿ ನೂರಕ್ಕೂ ಹೆಚ್ಚು ಜನ ಷೇರು ಹಾಕಿ ‘ಓಲ್ಡ್ ಕ್ರೌನ್’ ಪಬ್ಬನ್ನು ತಾವೇ ಕೊಂಡರು, ಥೇಟ್ ನಮ್ಮ ಹಾಲಿನ ಸೊಸೈಟಿಯ ಹಾಗೆ. 2011ರ ಕಾಯ್ದೆಯ ನಂತರ, ಊರಿನ ಆಸ್ತಿ ಎಂದು ಪಟ್ಟಿಗೆ ಸೇರಿಸಿದ ಪಬ್ಬು ಮಾರಾಟಕ್ಕೆ ಬಂದರೆ ದುಡ್ಡು ಹೊಂದಿಸಲು ಊರವರು 6 ತಿಂಗಳ ಕಾಲಾವಕಾಶ ಪಡೆಯಬಹುದು.

ನಮ್ಮ ಕಡೆಯಾದರೂ ನೋಡಿ. ಅರಳಿಕಟ್ಟೆ ಒಡೆದು ರಸ್ತೆ ಅಗಲ ಮಾಡಿದೆವು. ಬೆಂಚು ಹಾಕಿದ್ದ ಕಾಫಿ ಹೋಟೆಲುಗಳೆಲ್ಲ ನಿಂತು ಕುಡಿಯುವ ದರ್ಶಿನಿಗಳಾದವು. ನಮ್ಮ ಬಡಾವಣೆಯ ಪಾರ್ಕಿಗೆ ಬೆಳಿಗ್ಗೆ ಹತ್ತಕ್ಕೇ ಬೀಗ. ಪಿಂಚಣಿದಾರರು ಫುಟ್‌ಪಾತಿನ ಕಲ್ಲಿನ ಮೇಲೆ ಪೇಪರು ಹಾಸಿಕೊಂಡು ಕೂರುತ್ತಾರೆ.

ಮುಂದಿನ ಸಲ ಮಗಳ ಊರಿಗೆ ಹೋದಾಗ, ಅಲ್ಲಿನ ವಯಸ್ಸಾದವರನ್ನು ಮಾತಾಡಿಸಿ. ಈಗ ಸಂಜೆ ಹೊತ್ತು ಎಲ್ಲಿ ಕೂರ್ತೀರಿ ಅಂತ ಕೇಳಿ. ಅವರು ಹೇಳಿದ್ದನ್ನು ನಮಗೆ ಬರೆಯಿರಿ, ಖಂಡಿತ ಅಚ್ಚು ಹಾಕುತ್ತೇವೆ.

— ಸಂಪಾದಕ