18 ಅಂಕಿಯ ಕೋಡ್‌ನ ಕೊನೆ ಬದಲಾಗುವುದೇಕೆ?

ಪ್ರಶ್ನೆ: ಕುಶಾಲನಗರದ ಒಂದು ಕಾಫಿ ಕ್ಯೂರಿಂಗ್ ವರ್ಕ್ಸ್‌ಗೆ ಸ್ಟಾಕ್ ನೋಡಿಕೊಳ್ಳುವ ವೆಬ್ ಆ್ಯಪ್ ಬರೆಯುತ್ತಿದ್ದೇನೆ. ರಫ್ತಿಗೆ ಹೋಗುವ ಪ್ರತಿ ಪ್ಯಾಲೆಟ್ (ಸರಕು ಪೇರಿಸುವ ಹಲಗೆ) ಮೇಲೂ 18 ಅಂಕಿಯ ಬಾರ್‌ಕೋಡ್ ಇದೆ. ಸ್ಕ್ರೀನ್‌ನಲ್ಲಿ ಅದರ ಕೊನೆಯ ಅಂಕಿಗಳು ಬೇರೆಯೇ ಬರುತ್ತವೆ. ಕೆಲವು ಸಲ ಎರಡು ಪ್ಯಾಲೆಟ್‌ಗೆ ಒಂದೇ ಕೋಡ್! ಜಾವಾಸ್ಕ್ರಿಪ್ಟ್‌ನಲ್ಲಿ ದೊಡ್ಡ ಪೂರ್ಣಾಂಕಗಳಿಗೆಂದೇ ಇರುವ ಬಿಗ್‌ಇಂಟ್ ಬಳಸಿದರೂ ಸರಿಹೋಗಲಿಲ್ಲ.

ಉತ್ತರ: ಬಿಗ್‌ಇಂಟ್ ಸರಿಯಾಗಿಯೇ ಇದೆ. ಅದರ ಕೈಗೆ ಬರುವ ಮೊದಲೇ ಅಂಕಿಗಳು ಕೆಟ್ಟಿವೆ.

ಜಾವಾಸ್ಕ್ರಿಪ್ಟ್‌ನ ಸಾಮಾನ್ಯ ನಂಬರ್‌ಗೆ 53 ಬಿಟ್‌ನಷ್ಟೇ ನಿಖರತೆ. 9007199254740991ರವರೆಗೆ ಪ್ರತಿ ಪೂರ್ಣಾಂಕವೂ ಸರಿಯಾಗಿ ಉಳಿಯುತ್ತದೆ. ಕೊನೆಯಲ್ಲಿ 993 ಹಾಕಿ ನೋಡಿ, 992 ಎಂದು ತೋರಿಸುತ್ತದೆ. ಮುಂದೆ ಹೋದಷ್ಟೂ ಸರಿಯಾಗಿ ಉಳಿಯುವ ಸಂಖ್ಯೆಗಳ ನಡುವಿನ ಅಂತರ ಜಾಸ್ತಿ. ಬಾರ್‌ಕೋಡ್‌ನಲ್ಲಿ ಭಾರತವನ್ನು ಸೂಚಿಸುವ 890 ಸೇರಿ 1890 ಎಂದು ಶುರುವಾಗುವ 18 ಅಂಕಿಯ ಕೋಡ್‌ಗಳ ಜಾಗದಲ್ಲಿ ಆ ಅಂತರ 32. ಕೋಡ್‌ನ ಕೊನೆಯದು ಚೆಕ್ ಡಿಜಿಟ್ (ಉಳಿದ ಅಂಕಿಗಳು ಸರಿಯೇ ಎಂದು ನೋಡುವ ಅಂಕಿ), ಹಾಗಾಗಿ ಪ್ಯಾಲೆಟ್‌ನ ಕ್ರಮಸಂಖ್ಯೆ ಒಂದು ಏರಿದರೆ ಇಡೀ ಕೋಡ್ ಸುಮಾರು ಹತ್ತು ಏರುತ್ತದೆ. ಅಕ್ಕಪಕ್ಕದ ಎರಡು ಮೂರು ಪ್ಯಾಲೆಟ್‌ಗಳು ಒಂದೇ ಸಂಖ್ಯೆಗೆ ಹೋಗಿ ಕೂರುವುದು ಇದರಿಂದಲೇ.

ನಿಮ್ಮ ಸರ್ವರ್ ಜೇಸನ್‌ನಲ್ಲಿ (ಡೇಟಾ ಕಳಿಸುವ ಪಠ್ಯರೂಪ) ಕೋಡ್ ಅನ್ನು ಉದ್ಧರಣ ಚಿಹ್ನೆ ಇಲ್ಲದೆ ಕಳಿಸುತ್ತಿರಬೇಕು, ಮೊದಲು ಅಲ್ಲಿ ನೋಡಿ. ಹಾಗೆ ಬಂದದ್ದನ್ನು ಜೇಸನ್ ಓದುವ ಪಾರ್ಸರ್ ಸಾಮಾನ್ಯ ನಂಬರ್ ಮಾಡಿಬಿಡುತ್ತದೆ. ಆಮೇಲೆ ಬಿಗ್‌ಇಂಟ್‌ಗೆ ಕೊಟ್ಟರೆ ತಪ್ಪು ಸಂಖ್ಯೆಯನ್ನೇ ನಿಖರವಾಗಿ ಇಟ್ಟುಕೊಳ್ಳುತ್ತದೆ ಅಷ್ಟೇ. ಪುಡಿ ಮಾಡಿದ ಕಾಫಿಯನ್ನು ಮತ್ತೆ ಬೀಜ ಮಾಡಲಾಗುವುದಿಲ್ಲ ಅಲ್ವಾ? ಸರ್ವರ್‌ನಿಂದಲೇ ಸ್ಟ್ರಿಂಗ್ ಆಗಿ, ಅಂದರೆ ಉದ್ಧರಣ ಚಿಹ್ನೆಯೊಳಗಿನ ಪಠ್ಯವಾಗಿ ಕಳಿಸಿ, ಆ ಸ್ಟ್ರಿಂಗನ್ನೇ ನೇರವಾಗಿ ಬಿಗ್‌ಇಂಟ್‌ಗೆ ಕೊಡಿ. ಒಂದು ಎಚ್ಚರ: ಖಾಲಿ ಸ್ಟ್ರಿಂಗ್ ಕೊಟ್ಟರೆ ಬಿಗ್‌ಇಂಟ್ ಎರರ್ ಕೊಡುವುದಿಲ್ಲ, ಸುಮ್ನೆ ಸೊನ್ನೆ ಕೊಡುತ್ತದೆ. ಉದ್ದವನ್ನು ಮೊದಲೇ ಪರೀಕ್ಷಿಸಿ.

ಆದರೆ ನನ್ನನ್ನು ಕೇಳಿದರೆ, ನಿಮಗೆ ಬಿಗ್‌ಇಂಟ್ ಬೇಕಾಗೇ ಇಲ್ಲ. ಪ್ಯಾಲೆಟ್ ಕೋಡ್‌ಗಳನ್ನು ಯಾರೂ ಕೂಡಿ ಕಳೆಯುವುದಿಲ್ಲ. ಅದು ಹೆಸರಿದ್ದ ಹಾಗೆ. ಡೇಟಾಬೇಸ್‌ನಲ್ಲೂ ಪಠ್ಯವಾಗಿಯೇ ಇಡಿ. ಸೊನ್ನೆಯಿಂದ ಶುರುವಾಗುವ ಕೋಡ್‌ಗಳೂ ಇರುತ್ತವೆ, ಸಂಖ್ಯೆ ಮಾಡಿದರೆ ಆ ಸೊನ್ನೆ ಹೋಗುತ್ತದೆ. ಚೆಕ್ ಡಿಜಿಟ್ ನೋಡಲೂ ದೊಡ್ಡ ಸಂಖ್ಯೆ ಬೇಡ. ಮೊದಲ 17 ಅಂಕಿಗಳನ್ನು ಎಡದಿಂದ 3, 1, 3, 1 ಎಂದು ಗುಣಿಸಿ ಕೂಡಿ. ಮೊತ್ತ ಹತ್ತರ ಮುಂದಿನ ಗುಣಕಕ್ಕೆ ಎಷ್ಟು ಕಡಿಮೆ ಇದೆಯೋ ಅದೇ ಕೊನೆಯ ಅಂಕಿ. ಮೊತ್ತವೇ ಹತ್ತರ ಗುಣಕವಾಗಿದ್ದರೆ ಸೊನ್ನೆ.

ಈಗಾಗಲೇ ನಂಬರ್ ಆಗಿ ಸೇವ್ ಆಗಿರುವ ಕೋಡ್‌ಗಳನ್ನು ಲೆಕ್ಕ ಹಾಕಿ ಸರಿಪಡಿಸಲು ಹೋಗಬೇಡಿ. ಗೋದಾಮಿಗೆ ಹೋಗಿ ಮತ್ತೆ ಸ್ಕ್ಯಾನ್ ಮಾಡಿಸಿ.

ಪ್ರಶ್ನೆ: ನಾನು ಪೊನ್ನಂಪೇಟೆಯ ಎಂಜಿನಿಯರಿಂಗ್ ವಿದ್ಯಾರ್ಥಿನಿ. ಪೈಥಾನ್‌ನಲ್ಲಿ ಎಷ್ಟು ದೊಡ್ಡ ಪೂರ್ಣಾಂಕವಾದರೂ ಸರಿ ಎನ್ನುತ್ತಾರೆ. 5000 ಅಂಕಿಯ ಸ್ಟ್ರಿಂಗ್ ಅನ್ನು ಪೂರ್ಣಾಂಕ ಮಾಡಲು ಕೊಟ್ಟರೆ ಎರರ್ ಬರುತ್ತಿದೆ.

ಉತ್ತರ: ಪೂರ್ಣಾಂಕಕ್ಕೆ ಮಿತಿಯಿಲ್ಲ, ಪಠ್ಯದಿಂದ ಪರಿವರ್ತಿಸಲು ಇದೆ. 2022ರಿಂದ ಅದು 4300 ಅಂಕಿ. ಅಂಕಿಗಳು ಎರಡು ಪಟ್ಟಾದರೆ ಪರಿವರ್ತನೆಯ ಸಮಯ ಸುಮಾರು ನಾಲ್ಕು ಪಟ್ಟು ಆಗುತ್ತದೆ. ಲಕ್ಷಗಟ್ಟಲೆ ಅಂಕಿ ಕಳಿಸಿ ಸರ್ವರನ್ನೇ ನಿಲ್ಲಿಸಬಹುದಿತ್ತು, ಅದಕ್ಕೇ ಈ ತಡೆ. ಪೈಥಾನ್‌ನ ಸಿಸ್ (sys) ಮಾಡ್ಯೂಲ್‌ನಲ್ಲಿ ಮಿತಿ ಬದಲಿಸುವ ಫಂಕ್ಷನ್ ಇದೆ, ಸೊನ್ನೆ ಕೊಟ್ಟರೆ ಮಿತಿ ಹೋಗುತ್ತದೆ. ನಿಮ್ಮ ಲ್ಯಾಬ್ ಕೆಲಸಕ್ಕೆ ಧಾರಾಳವಾಗಿ ತೆಗೆಯಿರಿ. ಹೊರಗಿನವರು ಡೇಟಾ ಕಳಿಸುವ ಪ್ರೋಗ್ರಾಂನಲ್ಲಿ ಮಾತ್ರ ಮುಟ್ಟಬೇಡಿ.